ದೈತ್ಯನ ಗೋರಿಯ ಕಾವಲು

ಹೋದ ತಿಂಗಳು ಒಂದು ಶನಿವಾರ ಸ್ಟವ್ ಮೇಲೆ ಚಹಾಕ್ಕೆ ಇಟ್ಟು ಮರೆತೆ. ಬಟ್ಟೆ ಮಡಿಸಿ ಬರುವಷ್ಟರಲ್ಲಿ ನೀರು ಅರ್ಧಕ್ಕೆ ಇಳಿದು, ಪುಡಿ ಕುದಿದೂ ಕುದಿದೂ ಕರೀ ಕಷಾಯವಾಗಿತ್ತು. ಒಗರಾದ, ತುಕ್ಕು ಕಬ್ಬಿಣದಂಥ ವಾಸನೆ ಅಡುಗೆಮನೆ ತುಂಬಿತ್ತು. ಮಗಳು ಮೂಗು ಮುಚ್ಚಿಕೊಂಡು "ಅಮ್ಮಾ, ವಾಟ್ ಈಸ್ ದಟ್ ಸ್ಮೆಲ್?" ಎಂದಳು. ನಾನು ಸ್ಟವ್ ಆರಿಸಿದೆ. ಅದು ನ್ಯೂಜೆರ್ಸಿಯ ಹೋಬೋಕನ್‌ನಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಅಂತಸ್ತಿನ ವಾಸನೆ. ಅಲ್ಲಿ ಒಬ್ಬ ಮುದುಕರಿದ್ದರು. ಅಮೆರಿಕದಲ್ಲಿ ಚಹಾವನ್ನು ನಮ್ಮಂತೆ ಕುದಿಸಿ ಕುಡಿಯುತ್ತಿದ್ದ ಬಿಳಿಯರನ್ನು ನಾನು ಕಂಡಿದ್ದು ಅವರೊಬ್ಬರನ್ನೇ.

ಅವರ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡು ಬಿಟ್ಟಿದ್ದೇನೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಆ ನಂಬಿಕೆ ಹೋಗಿದ್ದೇ ಅವರ ಅಡುಗೆಮನೆಯ ಮೇಜಿನ ಮೇಲೆ. ಆದ್ದರಿಂದ ಈ ಸಲ ಆ ವರ್ಷಗಳ ಡೈರಿಯನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಡೈರಿಯೂ ನಾನೇ ಬರೆದದ್ದು ಎಂಬುದನ್ನು ಮರೆತಿಲ್ಲ.

ಎರಡು ಸಾವಿರದ ಎಂಟರ ಕೊನೆ. ಬ್ಯಾಂಕುಗಳು ಒಂದರ ಹಿಂದೆ ಒಂದು ಬೀಳುತ್ತಿದ್ದ ಕಾಲ. ನನ್ನ ಗಂಡ ಮ್ಯಾನ್‌ಹಟನ್‌ನ ಒಂದು ಬ್ಯಾಂಕಿನ ಹಿಂಬದಿಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು. ಡಿಸೆಂಬರ್‌ನಲ್ಲಿ ಅವರೂ ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಮಧ್ಯಾಹ್ನದ ಟ್ರೈನಿಗೆ ಮನೆಗೆ ಬಂದರು. ನಾನು ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಆದರೆ ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಹಾಗಾಗಿ ಮೂರನೆಯ ಅಂತಸ್ತಿನ ಆ ಎರಡು ಕೋಣೆಗಳಲ್ಲಿ ನಾವಿಬ್ಬರೂ ದಿನವಿಡೀ ಎದುರುಬದುರಾಗಿ ಇರತೊಡಗಿದೆವು. ಅವರು ಅರ್ಜಿ ಕಳಿಸುತ್ತಿದ್ದರು, ನಾನು ಸದ್ದು ಮಾಡದೆ ಪಾತ್ರೆ ತೊಳೆಯುತ್ತಿದ್ದೆ.

ಕೆಳಗಿನ ಮನೆಯ ಮುದುಕರು ಐರ್ಲೆಂಡಿನವರು. ಹತ್ತೊಂಬತ್ತನೆಯ ವಯಸ್ಸಿಗೆ ಹಡಗು ಹತ್ತಿ ಬಂದು, ಹಡಸನ್ ದಂಡೆಯ ಹಡಗುಕಟ್ಟೆಯಲ್ಲಿ ಸರಕು ಇಳಿಸಿ, ಆಮೇಲೆ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಅವರನ್ನು ರೂಢಿಯ ಬಲದಿಂದ 'ಅಂಕಲ್' ಎಂದೇ ಕರೆದುಬಿಟ್ಟಿದ್ದೆ. ಮೊದಲ ಸಲ ಕೇಳಿದಾಗ ಅವರು ಮೆಟ್ಟಿಲ ಮೇಲೆ ನಿಂತುಬಿಟ್ಟರು.

"ನನಗೆ ಅಂಕಲ್ ಅನ್ನೋನು ಪ್ರಪಂಚದಲ್ಲಿ ಒಬ್ಬನೇ ಇದ್ದಾನೆ. ಅವನು ಫೋನ್ ಮಾಡಿದಾಗಲೆಲ್ಲ ಏನಾದರೂ ಕೇಳ್ತಾನೆ. ನಿನಗೇನು ಬೇಕು?"

"ಏನೂ ಬೇಡ, ಅಂಕಲ್. ನಮ್ಮಲ್ಲಿ ಎಲ್ಲರೂ ಅಂಕಲ್ಲೇ."

"ಹಾಗಾದರೆ ಪರವಾಗಿಲ್ಲ" ಎಂದು ಇಳಿದು ಹೋದರು.

ಜನವರಿಯ ಒಂದು ಬೆಳಿಗ್ಗೆ ಅವರೇ ಮೂರು ಅಂತಸ್ತು ಹತ್ತಿ, ಏದುಸಿರು ಬಿಡುತ್ತಾ ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಒಂದು ಕಾಗದವಿತ್ತು. ಕಣ್ಣು ಮಂಜಾಗಿ ಓದಲು ಆಗುತ್ತಿರಲಿಲ್ಲ. ಬರೆದಿದ್ದವನು ಆ 'ಅಂಕಲ್' ಎನ್ನುವ ಒಬ್ಬನೇ ಮನುಷ್ಯ, ಅವರ ತೀರಿಹೋದ ಅಣ್ಣನ ಮಗ.

ಕಾಗದ ಓದಿ ಹೇಳಿದೆ. ಅಣ್ಣನ ಮಗ ಮನೆ ಕಟ್ಟಿಸುವ ಕಂಟ್ರಾಕ್ಟರ್. ಅವರ ದೇಶದಲ್ಲೂ ಮನೆ ಕಟ್ಟುವ ಹುಚ್ಚು ಒಮ್ಮೆಲೇ ಇಳಿದುಹೋಗಿತ್ತು. ಅರ್ಧ ಎದ್ದ ಗೋಡೆಗಳು ಹಾಗೇ ನಿಂತಿದ್ದವು, ಅವನ ಜೆಸಿಬಿ ಅಂಗಳದಲ್ಲಿ ಸುಮ್ಮನೆ ನಿಂತಿತ್ತು. (ಆ ಯಂತ್ರಕ್ಕೆ ಅವರೂ ಜೆಸಿಬಿ ಎನ್ನುತ್ತಾರೆ, ನಾವೂ ಜೆಸಿಬಿ ಎನ್ನುತ್ತೇವೆ. ಅಮೆರಿಕದವರಿಗೆ ಮಾತ್ರ ಅರ್ಥವಾಗುವುದಿಲ್ಲ ಎಂದು ಡೈರಿಯಲ್ಲಿ ಸಂತೋಷದಿಂದ ಬರೆದುಕೊಂಡಿದ್ದೇನೆ.) ಈಗ ಅವನು ಕೇಳುತ್ತಿದ್ದದ್ದು ಒಂದೇ. ಮೇಲಿನ ಹೊಲದ ಗೋರಿಯನ್ನು ಅಗೆಯಲು ಒಪ್ಪಿಗೆ. 'ಅಲ್ಲಿ ಚಿನ್ನ ಇದೆ ಅಂತ ನಮ್ಮಪ್ಪನಿಗೆ ಹೇಳಿದವರು ನೀವೇ, ಅಂಕಲ್. ಈಗ ಅಲ್ಲದಿದ್ದರೆ ಇನ್ನು ಯಾವಾಗ?'

ಅಂಕಲ್ ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದರು. "ನೀನು ಇತಿಹಾಸ ಓದಿದವಳಂತೆ. ನಿನ್ನ ಗಂಡ ಹೇಳಿದ. ನನಗೆ ಒಂದು ಹೇಳಿಕೆ ಬರೆದುಕೊಡಬೇಕು."

ಮರುದಿನ ಹನ್ನೊಂದು ಗಂಟೆಗೆ ಅವರ ಅಡುಗೆಮನೆಗೆ ಹೋದೆ. ಆ ಕಪ್ಪು ಚಹಾ ಕುದಿಯುತ್ತಿತ್ತು. ವಿಷಯ ಹೀಗಿತ್ತು. ಅವರ ತಂದೆ ಮನೆಯನ್ನೂ ಉಳಿದ ಜಮೀನನ್ನೂ ದೊಡ್ಡ ಮಗನಿಗೆ ಕೊಟ್ಟು, ಗೋರಿಯಿದ್ದ ಮೇಲಿನ ಹೊಲವೊಂದನ್ನು ಮಾತ್ರ ಕಿರಿಯವರಾದ ಇವರಿಗೆ ಬಿಟ್ಟಿದ್ದರು. ದೊಡ್ಡ ದೊಡ್ಡ ಕಲ್ಲುಗಳನ್ನು ನಿಲ್ಲಿಸಿ ಕಟ್ಟಿದ, ಸಾವಿರಾರು ವರ್ಷ ಹಳೆಯ ಗೋರಿ. ಊರವರು ಅದನ್ನು ದೈತ್ಯನ ಗೋರಿ ಎನ್ನುತ್ತಿದ್ದರು. ಸರ್ಕಾರದವರು ಹಿಂದೆ ಯಾವಾಗಲೋ ನಕಾಶೆ ಮಾಡಲು ಬಂದಾಗ ಅದರ ಮೇಲೆ ಮುಳ್ಳಿನ ಪೊದೆ ಬೆಳೆದು ಮುಚ್ಚಿಹೋಗಿತ್ತಂತೆ, ಹಾಗಾಗಿ ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಗೋರಿಯನ್ನು ಯಾರು ಅಗೆದರೂ ಕೇಳುವವರಿಲ್ಲ. ಅದನ್ನು ಪಟ್ಟಿಗೆ ಸೇರಿಸಬೇಕು ಎಂದು ಅಲ್ಲಿನ ಸ್ಮಾರಕಗಳ ಆಫೀಸಿಗೆ ಬರೆಯುವುದು ಅಂಕಲ್ ಅವರ ಹಟ. ಕಲ್ಲು ಎಲ್ಲಿದೆ, ಯಾರು ಯಾರು ಅದರ ಬಗ್ಗೆ ಏನು ಹೇಳುತ್ತಿದ್ದರು, ಎಲ್ಲವೂ ಹೇಳಿಕೆಯಲ್ಲಿ ಬರಬೇಕಿತ್ತು.

ನಾನು ಮೈಮರೆತೆ ಎಂದೇ ಹೇಳಬೇಕು. ನನ್ನ ಊರು ಗಂಗಾವತಿಯ ಕಡೆ. ಅಲ್ಲಿಯ ಗುಡ್ಡಗಳ ಮೇಲೆ ಇಂಥವೇ ಕಲ್ಲುಗೋರಿಗಳಿವೆ. ನಾವು ಮೋರೇರ ಮನೆ ಎನ್ನುತ್ತೇವೆ. ಅವುಗಳೊಳಗೂ ನಿಧಿಯಿದೆ ಎಂದು ಹೇಳುತ್ತಾರೆ, ಕದ್ದು ಅಗೆಯುತ್ತಾರೆ. ಅಮೆರಿಕಕ್ಕೆ ಬಂದಾಗಿನಿಂದ ಮುಚ್ಚಿಟ್ಟಿದ್ದ ನನ್ನ ಓದು ಆ ಅಡುಗೆಮನೆಯಲ್ಲಿ ಎದ್ದು ಕುಳಿತಂತಾಯಿತು.

ಅವರು ಹೇಳಿದರು: ಅಜ್ಜನ ಕಾಲದಲ್ಲಿ ಮೂವರು ಗಂಡಸರು ಅಲ್ಲಿ ಅಗೆಯಲು ಹೋದರು. ಮೊಣಕಾಲುದ್ದ ಅಗೆದಾಗ ತಿರುಗಿ ನೋಡಿದರೆ ಕೆಳಗೆ ಮೂವರ ಮನೆಗಳೂ ಹತ್ತಿ ಉರಿಯುತ್ತಿದ್ದವು. ಸಲಿಕೆ ಬಿಸಾಡಿ ಓಡಿದರು. ಹೋಗಿ ನೋಡಿದರೆ ಬೆಂಕಿಯೂ ಇಲ್ಲ ಹೊಗೆಯೂ ಇಲ್ಲ, ಹೆಂಗಸರು ಆಲೂಗಡ್ಡೆ ಸುಲಿಯುತ್ತಾ ಕುಳಿತಿದ್ದಾರೆ. ಮತ್ತೆ ಗುಡ್ಡ ಹತ್ತಿದರೆ ಗುಂಡಿಯೇ ಇಲ್ಲ, ಹುಲ್ಲು ಬೆಳೆದಿತ್ತು. ಅಲ್ಲಿಗೆ ಕಬ್ಬಿಣ ಮುಟ್ಟಿಸಿದವನು ತನ್ನ ಊರಿನ ಮಣ್ಣಿಗೆ ಸೇರುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಆಮೇಲೆ ಯಾರೂ ಅದನ್ನು ಮುಟ್ಟಿಲ್ಲ.

"ಯಾಕಂದ್ರೆ ಅದನ್ನ ಕಾಯೋದು ಒಂದಿದೆ" ಎಂದು ದನಿ ತಗ್ಗಿಸಿದರು.

"ಏನದು, ಅಂಕಲ್?"

"ಅದನ್ನ ನಾವು ಹೆಸರಿಟ್ಟು ಕರೆಯೋದಿಲ್ಲ."

ನಾನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಬೇಕು ಎನ್ನಿಸಲೇ ಇಲ್ಲ... ನಮ್ಮ ಊರಿನಲ್ಲಿ ದೀಪ ಹಚ್ಚಿದ ಮೇಲೆ ಹೆಸರಿಟ್ಟು ಕರೆಯದೇ ಇರುವುದು ಒಂದೇ ಒಂದು. ಅದನ್ನು 'ಹುಳ' ಎನ್ನುತ್ತಾರೆ, 'ಅದು' ಎನ್ನುತ್ತಾರೆ, ಕೈಯಿಂದ ತೋರಿಸುತ್ತಾರೆ. ನಿಧಿಯನ್ನು ಕಾಯುವುದೂ ಅದೇ. ಆ ದಿನದ ಡೈರಿಯಲ್ಲಿ ನನ್ನ ಅಕ್ಷರ ಸ್ಪಷ್ಟವಾಗಿದೆ: 'ಗೋರಿಯನ್ನು ಸರ್ಪ ಕಾಯುತ್ತದೆ. ಅಲ್ಲೂ ನಮ್ಮ ಹಾಗೇ!' ಆ ಉದ್ಗಾರದ ಗುರುತನ್ನು ನೋಡಿದರೆ ಈಗಲೂ ಮುಖ ಬಿಸಿಯಾಗುತ್ತದೆ.

ಎರಡು ದಿನ ಕುಳಿತು, ಕನ್ನಡದ ಟಿಪ್ಪಣಿಯಿಂದ ಇಂಗ್ಲಿಷಿನಲ್ಲಿ ಐದು ಪುಟದ ಹೇಳಿಕೆ ಮಾಡಿದೆ. ಕೊರೆಯುವ ಚಳಿಯ ಒಂದು ಮಧ್ಯಾಹ್ನ ಅದನ್ನು ಅವರಿಗೆ ಓದಿ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತಾ ತಲೆಯಾಡಿಸುತ್ತಿದ್ದರು. ಸಹಿ ಹಾಕಿದರು, ನಾನು ಪೋಸ್ಟ್ ಮಾಡಿ ಬಂದೆ. ಗಂಡ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಎಲ್ಲೀ ಐರ್ಲೆಂಡು, ಎಲ್ಲೀ ನಿಧಿ! ಮೊದಲ ನನ್ನ ರೆಸ್ಯೂಮೆ ಒಂದಿಷ್ಟು ತಿದ್ದಿ ಕೊಡು ಮಾರಾಯ್ತಿ" ಎಂದರು. ಅದನ್ನೂ ತಿದ್ದಿ ಕೊಟ್ಟೆ. ಆ ವಾರ ನನಗೆ ಕೈತುಂಬ ಕೆಲಸವಿತ್ತು.

ಫೆಬ್ರುವರಿಯ ಒಂದು ಭಾನುವಾರ ಅಂಕಲ್ ಮನೆ ಬೆಚ್ಚಗಿಡುವ ಬಿಸಿನೀರಿನ ಪೈಪನ್ನು ಕೋಲಿನಿಂದ ಬಡಿದು ನನ್ನನ್ನು ಕರೆದರು. ಪೈಪಿನ ಸದ್ದು ಮೂರನೆಯ ಅಂತಸ್ತಿಗೆ ಕೇಳಿಸುತ್ತಿತ್ತು. ಇಳಿದು ಹೋದಾಗ ಫೋನ್ ಮೇಜಿನ ಮೇಲಿತ್ತು, ಸ್ಪೀಕರಿನಲ್ಲಿ ಅಣ್ಣನ ಮಗ ನಗುತ್ತಿದ್ದ. ಆಫೀಸಿನವರು ಹೊಲ ನೋಡಬೇಕೆಂದು ಊರಿನಲ್ಲಿದ್ದ ಅವನಿಗೇ ಫೋನ್ ಮಾಡಿ, ಹೇಳಿಕೆಯ ಒಂದು ಪ್ರತಿಯನ್ನೂ ಕಳಿಸಿದ್ದರು.

"ಸರ್ಪವಂತೆ! ಅಂಕಲ್, ಐರ್ಲೆಂಡಿನಲ್ಲಿ ಹಾವು ಯಾವಾಗಿಂದ ಬಂತು? ನಮ್ಮ ದೇಶದಲ್ಲಿ ಒಂದೇ ಒಂದು ಹಾವು ಇಲ್ಲ ಅನ್ನೋದು ಅಂಗನವಾಡಿ ಮಗುವಿಗೂ ಗೊತ್ತು. ಪಬ್‌ನಲ್ಲಿ ಎಲ್ಲರೂ ಓದಿ ಓದಿ ನಗ್ತಿದ್ದಾರೆ."

(ಅವನು ಅಂಗನವಾಡಿ ಎಂದಿರಲಾರ. ಡೈರಿಯಲ್ಲಿ ಹಾಗಿದೆ.)

ಅಂಕಲ್ ಫೋನನ್ನು ಹತ್ತಿರಕ್ಕೆ ಎಳೆದುಕೊಂಡರು. ಅಣ್ಣನ ಮಗನ ನಗು ನಿಂತಿತು. ಆಮೇಲೆ ಅವನು ಹೇಳಿದ್ದು ಮೆತ್ತಗಿತ್ತು, ಅದಕ್ಕೇ ಭಯವಾಯಿತು. "ನೀವು ಒಬ್ಬರೇ ಇದ್ದು ಇದ್ದು ಹೀಗಾಗಿದೆ. ಒಬ್ಬ ಡಾಕ್ಟರಿಗೆ ತೋರಿಸಿಕೊಳ್ಳಿ. ಆಫೀಸಿನವರಿಗೆ ನಾನೇ ಹೇಳ್ತೀನಿ, ಅಂಕಲ್‌ಗೆ ತಲೆ ಸರಿಯಿಲ್ಲ, ಅವರ ಹೇಳಿಕೆ ಹಿಡಿಯಬೇಡಿ ಅಂತ. ಹೊಲದ ವಿಷಯ ಇನ್ನು ನನಗೆ ಬಿಡಿ."

ಫೋನ್ ಇಟ್ಟ ಮೇಲೆ ಅಂಕಲ್ ನನ್ನ ಕಡೆ ತಿರುಗಿದರು. ಕಿರುಚಿದ್ದರೆ ಚೆನ್ನಾಗಿತ್ತು.

"ಸರ್ಪ ಎಲ್ಲಿಂದ ಬಂತು?"

"ನೀವು ಹೆಸರಿಟ್ಟು ಕರೆಯೋದಿಲ್ಲ ಅಂದಿರಿ. ನಮ್ಮಲ್ಲಿ ಹಾಗೆ ಅಂದ್ರೆ..." ನಾನು ಕುರ್ಚಿ ಎಳೆದು ಕುಳಿತೆ. "ಓದಿ ಹೇಳಿದೆನಲ್ಲ ಅಂಕಲ್. ನೀವು ತಲೆಯಾಡಿಸಿದಿರಿ."

"ನೀನು ಓದುವಾಗ ನಾನು ಹೊಲದಲ್ಲಿದ್ದೆ."

ನಾನು ನಮ್ಮ ಊರಿನ ಗುಡ್ಡ, ನಿಧಿ, ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಎತ್ತದ ಅಜ್ಜಿ, ಎಲ್ಲವನ್ನೂ ತಡವರಿಸುತ್ತಾ ಹೇಳಿದೆ. ಅವರು ಕಡೆಯವರೆಗೂ ಕೇಳಿದರು. ಕೇಳಿ, ಎದ್ದು, ಚಹಾದ ಪಾತ್ರೆಗೆ ಇನ್ನೊಂದು ಲೋಟ ನೀರು ಸುರಿದರು.

"ಒಳ್ಳೇ ಸರ್ಪ. ಆದರೆ ಅದು ನಿನ್ನದು, ನಿನ್ನ ಹತ್ತಿರ ಇಟ್ಟುಕೋ. ನಾನು ಹೇಳದ್ದನ್ನ ನನ್ನ ಸಹಿಯ ಮೇಲೆ ಬರೀಬೇಡ." ಕಿಟಕಿಯನ್ನು ಒಮ್ಮೆ ನೋಡಿದರು. ಅದು ಮುಚ್ಚಿತ್ತು. "ಹೋರಿ. ಕಾಯೋದು ಕಪ್ಪು ಹೋರಿ. ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಹೇಳ್ತಿದ್ದೀನಿ. ಬರೆ."

ಮೇಲೆ ಬಂದು ಗಂಡನಿಗೆ ಹೇಳಿದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, "ನನ್ನ ರೆಸ್ಯೂಮೆದಾಗೂ ಏನರ ಹಾವು ಬಿಟ್ಟೀಯೇನು?" ಎಂದರು.

"ನಗಬ್ಯಾಡ್ರಿ. ನನ್ನಿಂದ ಅವರ ಮಾತಿನ ಮಾನ ಹೋಗೇದ."

"ಹಂಗಾದ್ರ ನೀನಽ ಬರದು ತೀರಸು. ತಪ್ಪು ನಂದು ಅಂತ ಬರಿ. ಅದಕ್ಕೇನು ವೀಸಾ ಬೇಕಾಗಿಲ್ಲ."

ಹಾಗೇ ಮಾಡಿದೆ. ಎರಡನೆಯ ಹೇಳಿಕೆಯ ಜೊತೆಗೆ ನನ್ನ ಹೆಸರಿನಲ್ಲಿ ಒಂದು ಪುಟ ಬರೆದೆ. ಸರ್ಪ ನನ್ನದು, ಮುದುಕರದ್ದಲ್ಲ. ನಾನು ಇಂಥ ದೇಶದವಳು, ಇಂಥ ಕಾರಣದಿಂದ ಅದು ನನ್ನ ಕೈಯಿಂದ ಬಂತು ಎಂದು. ಅಷ್ಟರಿಂದ ಅಂಕಲ್‌ಗೆ ಸಮಾಧಾನವಾಗಲಿಲ್ಲ. "ನನ್ನ ತಲೆ ಸರಿಯಿದೆ ಅಂತ ಬರೆದರೆ ಯಾರು ನಂಬ್ತಾರೆ? ತೋರಿಸಬೇಕು" ಎಂದರು. ಚಹಾಕ್ಕೆ ಹಾಕುವ ಚೌಕ ಸಕ್ಕರೆ ಅಚ್ಚಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಮೂರು ಬೆಳಿಗ್ಗೆ ನಾವು ಆ ಮೇಜಿನ ಮೇಲೆ ಗೋರಿ ಕಟ್ಟಿದೆವು. ಒಂದೊಂದು ಸಕ್ಕರೆ ಅಚ್ಚು ಒಂದೊಂದು ಕಲ್ಲು. ಕಣ್ಣು ಕಾಣದಿದ್ದರೂ ಅವರ ಬೆರಳಿಗೆ ಎಲ್ಲ ಗೊತ್ತಿತ್ತು. ಇದು ಓರೆ, ಇದರ ತಲೆ ಮುರಿದಿದೆ, ಇದರ ಮೇಲೆ ಕೂತರೆ ಸಮುದ್ರ ಕಾಣುತ್ತದೆ. ಒಂದು ಅಚ್ಚನ್ನು ಇಟ್ಟು, ತೆಗೆದು, ಕೂದಲೆಳೆಯಷ್ಟು ಸರಿಸಿ ಇಡುತ್ತಿದ್ದರು. ಒಟ್ಟು ಹನ್ನೊಂದು ಕಲ್ಲು. ನಾನು ಅವುಗಳ ನಡುವಿನ ಅಂತರವನ್ನು ಹೆಜ್ಜೆಯ ಲೆಕ್ಕದಲ್ಲಿ ಕೇಳಿ ಕಾಗದದ ಮೇಲೆ ಗುರುತು ಹಾಕಿಕೊಂಡೆ. ಈ ಸಲ ಪ್ರತಿ ಸಾಲು ಓದಿದ ಮೇಲೂ ನಿಲ್ಲಿಸಿ, "ಅಂಕಲ್, ಈಗ ಎಲ್ಲಿದ್ದೀರಿ?" ಎಂದು ಕೇಳುತ್ತಿದ್ದೆ. "ಇಲ್ಲೇ, ಹೋಬೋಕನ್‌ನಲ್ಲೇ. ಮುಂದೆ ಓದು" ಎನ್ನುತ್ತಿದ್ದರು.

ಏಪ್ರಿಲ್‌ನಲ್ಲಿ ಆಫೀಸಿನ ಒಬ್ಬ ಹೆಂಗಸಿನಿಂದ ಉತ್ತರ ಬಂತು. ಆಕೆ ಗುಡ್ಡ ಹತ್ತಿ, ಪೊದೆ ಕಡಿಸಿ ನೋಡಿದ್ದರು. ಹನ್ನೊಂದರಲ್ಲಿ ಹತ್ತು ಕಲ್ಲುಗಳು ಮುದುಕರ ನಕ್ಷೆಯಲ್ಲಿ ಎಲ್ಲಿದ್ದವೋ ಅಲ್ಲೇ ಇದ್ದವು. ಅರವತ್ತು ವರ್ಷ ನೋಡದ ಜಾಗವನ್ನು ಇಷ್ಟು ಸರಿಯಾಗಿ ಹೇಳಿದವರನ್ನು ಕಂಡಿಲ್ಲ ಎಂದು ಬರೆದಿದ್ದರು. ಪಟ್ಟಿಗೆ ಸೇರಿಸುವ ಕೆಲಸ ಶುರುವಾಗಿದೆ, ಕೆಲವು ತಿಂಗಳು ಹಿಡಿಯುತ್ತದೆ ಎಂದೂ ಇತ್ತು. ಕೊನೆಗೊಂದು ಪ್ರಶ್ನೆ. ಗೋರಿಯ ಬಾಯಿಯ ಬಳಿಯ ಹನ್ನೊಂದನೆಯ ಕಲ್ಲು ಮಾತ್ರ ಹನ್ನೆರಡು ಅಡಿ ಕೆಳಗೆ, ಇಳಿಜಾರಿನಲ್ಲಿ ಮಲಗಿದೆ. ಅದರ ಬುಡದಲ್ಲಿ ಹಾರೆಯ ಗುರುತಿನಂಥದ್ದು ಕಾಣುತ್ತದೆ. ಇದನ್ನು ಯಾರು, ಯಾವಾಗ ಸರಿಸಿದರೆಂದು ಮುದುಕರಿಗೆ ಗೊತ್ತಿದೆಯೇ?

ಅಂಕಲ್ "ಇನ್ನೊಮ್ಮೆ ಓದು" ಎಂದರು. ಓದಿದೆ. ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಎರಡು ದಿನ ಪೈಪಿನ ಸದ್ದಿಲ್ಲ. ಆ ಎರಡು ದಿನದ ನಡುವೆ ಅಣ್ಣನ ಮಗ ನನಗೇ ಫೋನ್ ಮಾಡಿದ, ಅವರು ಎತ್ತುತ್ತಿಲ್ಲವೆಂದು. ಈ ಸಲ ಅವನ ದನಿಯಲ್ಲಿ ತಮಾಷೆಯಿರಲಿಲ್ಲ, ಒಂದು ಬಗೆಯ ಜ್ವರವಿತ್ತು. ಆ ಹೆಂಗಸು ಬಂದಾಗ ಅವನೂ ಹೊಲದಲ್ಲಿ ನಿಂತಿದ್ದನಂತೆ, ಹಾರೆಯ ಗುರುತು ನೋಡಿದ್ದನಂತೆ. "ಯಾರೋ ಕಲ್ಲು ಎತ್ತಿದ್ದಾರೆ ಅಂದ್ರೆ ಅವರಿಗೆ ಏನೋ ಗೊತ್ತಿತ್ತು. ಪೂರ್ತಿ ಅಗೆಯೋಕೆ ಆಗಿಲ್ಲ, ಅಷ್ಟೇ. ಪಟ್ಟಿ ಗಿಟ್ಟಿ ಎಲ್ಲ ಆಗೋದರೊಳಗೆ, ನೆಲ ಒಣಗಿದ ತಕ್ಷಣ ನಾನು ಜೆಸಿಬಿ ಹತ್ತಿಸ್ತೀನಿ. ಅಂಕಲ್‌ಗೆ ಹೇಳಿ. ನಾನು ಕೆಟ್ಟವನಲ್ಲ. ನನಗೆ ಇನ್ನೇನೂ ಉಳಿದಿಲ್ಲ, ಅಷ್ಟೇ."

ಅದನ್ನು ಹಾಗೆಯೇ, ಒಂದು ಪದ ಸೇರಿಸದೆ, ಮೂರನೆಯ ದಿನ ಅಂಕಲ್‌ಗೆ ಹೇಳಿದೆ. ಅವರು ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕುಳಿತಿದ್ದರು.

"ಪೆನ್ನು ತಗೋ" ಎಂದರು.

ಮೂರನೆಯ ಹೇಳಿಕೆ ಅರ್ಧ ಪುಟವೂ ಇಲ್ಲ. ಅದರ ಪ್ರತಿ ಈಗ ನನ್ನ ಮುಂದೆ ಇದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಹಡಗು ಹತ್ತುವ ಹಿಂದಿನ ವಾರ, ಊರವರೆಲ್ಲ ದನದ ಸಂತೆಗೆ ಹೋಗಿದ್ದ ಹಗಲಿನಲ್ಲಿ ತಾನೊಬ್ಬನೇ ಹಾರೆ ತೆಗೆದುಕೊಂಡು ಗೋರಿಗೆ ಹೋದೆ. ಬಾಯಿಯ ಕಲ್ಲನ್ನು ಮೀಟಿದೆ, ಅದು ಉರುಳಿಹೋಯಿತು. ಎದೆಯುದ್ದ ಅಗೆದೆ. ಹೋರಿ ಬರಲಿಲ್ಲ, ಮನೆಗಳು ಉರಿಯಲಿಲ್ಲ. ಕಪ್ಪು ಮಣ್ಣು, ಸುಟ್ಟ ಮೂಳೆ, ಅಂಗೈ ಅಗಲದ ಒಂದು ಮಡಕೆ ಚೂರು ಸಿಕ್ಕವು. ತಳದ ಬಂಡೆ ಬರುವವರೆಗೂ ನೋಡಿದೆ. ಚಿನ್ನ ಇರಲಿಲ್ಲ. ಮೂಳೆಯನ್ನೂ ಚೂರನ್ನೂ ಅಲ್ಲೇ ಇಟ್ಟು ಮಣ್ಣು ಮುಚ್ಚಿದೆ. ಕಲ್ಲನ್ನು ಒಬ್ಬನಿಂದ ಮೇಲೆತ್ತಲಾಗಲಿಲ್ಲ. ಯಾರಿಗೂ ಹೇಳಲಿಲ್ಲ.

ನಾನು ಬರೆಯುವುದನ್ನು ನಿಲ್ಲಿಸಿದೆ. ಜನವರಿಯಲ್ಲಿ, ಇದೇ ಕುರ್ಚಿಯಲ್ಲಿ, ಅಜ್ಜನ ಕಾಲದ ನಂತರ ಯಾರೂ ಮುಟ್ಟಿಲ್ಲ ಎಂದವರು ಅವರೇ. ಸಕ್ಕರೆ ಅಚ್ಚುಗಳಲ್ಲಿ ಹನ್ನೊಂದನೆಯದನ್ನೂ ಅದರ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದ್ದವರೂ ಅವರೇ.

"ಅಂಕಲ್, ಇದು ನಿಜವೇ?"

"ಬರೆದೆಯಾ?"

"ಬರೆದೆ. ಆದರೆ ಇದನ್ನ ಓದಿದ ಮೇಲೆ ನಿಮ್ಮ ಊರಿನಲ್ಲಿ ಆ ಕಥೆ ಯಾರೂ ಹೇಳೋದಿಲ್ಲ. ಹೋರಿ, ಬೆಂಕಿ, ಚಿನ್ನ... ಎಲ್ಲ ಇಲ್ಲಿಗೆ ಮುಗೀತು. ನಿಮ್ಮನ್ನೂ ಕಳ್ಳ ಅಂತಾರೆ."

"ಅನ್ನಲಿ. ಕಲ್ಲು ಇರುತ್ತೆ" ಎಂದರು. "ಎಲ್ಲಿ ಸಹಿ ಹಾಕಬೇಕು, ಬೆರಳು ಹಿಡಿದು ತೋರಿಸು."

ತೋರಿಸಿದೆ. ಎರಡು ಪ್ರತಿಗೆ ಸಹಿಯಾಯಿತು. ಒಂದು ಆಫೀಸಿಗೆ, ಒಂದು ಅಣ್ಣನ ಮಗನಿಗೆ ಹೋಯಿತು. ಆ ಮುಂದಿನ ಭಾನುವಾರದ ಫೋನಿನಲ್ಲಿ ಅವನು ಹವೆಯ ಬಗ್ಗೆ ಮಾತಾಡಿದ, ಯಾರದೋ ಮದುವೆಯ ಬಗ್ಗೆ ಮಾತಾಡಿದ. ಅಗೆಯುವ ಮಾತು ಎತ್ತಲಿಲ್ಲ. ಬೇಸಿಗೆ ಬಂತು, ಅಲ್ಲಿ ನೆಲ ಒಣಗಿತು, ಜೆಸಿಬಿ ಗುಡ್ಡ ಹತ್ತಲಿಲ್ಲ.

ಆ ಹೇಳಿಕೆ ನಿಜವೇ ಎಂದು ನಾನು ಎಷ್ಟು ಸಲ ತೂಗಿ ನೋಡಿದ್ದೇನೋ ಲೆಕ್ಕವಿಲ್ಲ. ನಿಜವಿರಬಹುದು. ಗೋರಿಯ ಬಗ್ಗೆ ಆ ಮನುಷ್ಯನಿಗಿದ್ದ ಹಟದ ಹಿಂದೆ ಒಂದು ತಪ್ಪಿನ ಭಾರವಿದ್ದಿರಬಹುದು. ತಾನು ಮುಟ್ಟುವ ಮೊದಲು ಗೋರಿ ಹೇಗಿತ್ತೋ ಹಾಗೆಯೇ ನೆನಪಿಟ್ಟುಕೊಂಡು, ನೆನಪಿನಲ್ಲಿ ಆ ಕಲ್ಲನ್ನು ಅರವತ್ತು ವರ್ಷ ಎತ್ತಿ ಹಿಡಿದಿದ್ದಿರಬಹುದು. ಆದರೆ ಹಾಗಲ್ಲದೆಯೂ ಇರಬಹುದು. ಕಲ್ಲು ದನ ಉಜ್ಜಿ ಬಿದ್ದದ್ದಾಗಿರಬಹುದು. ಹಾರೆಯ ಗುರುತು ಅಣ್ಣನ ಮಗನದ್ದೇ ಇರಬಹುದು. ಅವನನ್ನು ತಡೆಯಲೆಂದೇ ಅಂಕಲ್ ಆ ಅರ್ಧ ಪುಟವನ್ನು ಕಟ್ಟಿ ಹೇಳಿದ್ದಿರಬಹುದು. ಒಂದು ಕಾಗದದಲ್ಲಿ ತಪ್ಪಾಗಿ ಬಂದ ಸರ್ಪ ಒಂದು ಊರನ್ನೇ ನಗಿಸಿದ್ದನ್ನು ಅವರು ಕಂಡಿದ್ದರು. ಕಾಗದದ ಮೇಲೆ ಬರೆದದ್ದು ಎಷ್ಟು ದೂರ ಹೋಗುತ್ತದೆಂದು ಅವರಿಗೆ ಕಲಿಸಿದವಳು ನಾನೇ ಎಂಬ ಯೋಚನೆ ಬಂದಾಗ... ಡೈರಿಯಲ್ಲಿ ಆ ದಿನದ ಪುಟದಲ್ಲಿ ಒಂದೇ ಸಾಲಿದೆ. 'ಕೇಳಿದೆ. ಉತ್ತರ ಹೇಳಲಿಲ್ಲ.'

ಆ ವರ್ಷದ ಸೆಪ್ಟೆಂಬರ್‌ನಲ್ಲಿ ನನ್ನ ಗಂಡನಿಗೆ ಸಮರ್‌ಸೆಟ್‌ನಲ್ಲಿ ಕೆಲಸ ಸಿಕ್ಕಿತು. ಮನೆ ಬದಲಿಸಲು ಪೆಟ್ಟಿಗೆ ಕಟ್ಟುತ್ತಿದ್ದಾಗಲೇ ಅಂಕಲ್ ತೀರಿಕೊಂಡರು. ಬೆಳಗಿನ ಹೊತ್ತು, ಕುರ್ಚಿಯಲ್ಲಿ. ಎರಡು ದಿನ ಮೆಟ್ಟಿಲಿನಲ್ಲಿ ಚಹಾದ ವಾಸನೆ ಬರಲಿಲ್ಲವೆಂದು ನಾನೇ ಹೋಗಿ ಬಾಗಿಲು ಬಡಿದದ್ದು ಎಂದು ನನ್ನ ನೆನಪು. ಬಡಿದವರು ಮನೆ ಮಾಲೀಕರು ಎಂದು ಡೈರಿ ಹೇಳುತ್ತದೆ. ಅವರನ್ನು ಹೆಂಡತಿಯ ಪಕ್ಕದಲ್ಲಿ, ನ್ಯೂಜೆರ್ಸಿಯ ಮಣ್ಣಿನಲ್ಲೇ ಹೂಳಿದರು.

ಅಣ್ಣನ ಮಗ ಬಂದಿದ್ದ. ಫೋನಿನ ದನಿಯಿಂದ ನಾನು ದೊಡ್ಡ ಆಳನ್ನು ಊಹಿಸಿಕೊಂಡಿದ್ದೆ. ಬಂದವನು ಸಣಕಲು, ಬೋಳುತಲೆ, ನನ್ನ ಗಂಡನಂತೆಯೇ ಕಣ್ಣಿನ ಕೆಳಗೆ ಕಪ್ಪು. ಮಣ್ಣು ಮುಗಿಸಿ ಬಂದ ಮೇಲೆ ಆ ಅಡುಗೆಮನೆಯಲ್ಲಿ ನಾಲ್ಕೈದು ಜನ ನಿಂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದರು. ಅವನು ನನ್ನನ್ನು ಕಿಟಕಿಯ ಬಳಿಗೆ ಕರೆದ.

"ಬರೆದುಕೊಂಡವರು ನೀವಲ್ಲವೇ? ಒಂದು ಕೇಳ್ತೀನಿ, ಸತ್ಯ ಹೇಳಿ. ಪಟ್ಟಿಗೆ ಸೇರಿತು ಅಂತ ಆಫೀಸಿನಿಂದ ಇನ್ನೂ ಕಾಗದ ಬಂದಿಲ್ಲ. ಹೊಲ ಈಗ ನನ್ನದೇ. ಯಂತ್ರ ಮಾರಿಲ್ಲ." ಅವನು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ. "ಅಂಕಲ್ ನಿಜವಾಗಿ ಅಗೆದಿದ್ದರೇ?"

ನಾನು ಸಂದೇಹದ ಸ್ವಭಾವದವಳು. 'ಇರಬಹುದು' ಎಂದು ಬರೆಯದೆ ಒಂದು ಪುಟ ಮುಗಿಸಿದವಳಲ್ಲ. ಗೊತ್ತಿಲ್ಲ ಎನ್ನುವುದೇ ಆ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಎಂದು ಆಗಲೂ ತಿಳಿದಿತ್ತು. ಗೊತ್ತಿಲ್ಲ ಎಂದಿದ್ದರೆ ಅವನು ಮರುದಿನದ ವಿಮಾನ ಹತ್ತಿ ಹೋಗಿ ಏನು ಮಾಡುತ್ತಿದ್ದ ಎಂಬುದೂ ತಿಳಿದಿತ್ತು.

"ಅಗೆದಿದ್ದರು" ಎಂದೆ. "ತಳದ ಬಂಡೆಯವರೆಗೆ. ನನ್ನ ಮುಂದೆಯೇ ಹೇಳಿದರು. ಏನೂ ಇಲ್ಲ ಅಲ್ಲಿ."

ಅವನು ಬಹಳ ಹೊತ್ತು ನನ್ನ ಮುಖ ನೋಡಿದ. ನಾನು ಕಣ್ಣು ಕೆಳಗಿಳಿಸಲಿಲ್ಲ. ಆಮೇಲೆ ಅವನು ಕಿಟಕಿಯ ಕಟ್ಟೆಗೆ ಒರಗಿ, ಮುಖ ಮುಚ್ಚಿಕೊಂಡು ಅತ್ತ. ಚಿಕ್ಕಪ್ಪನಿಗಾಗಿ ಅತ್ತನೋ, ಚಿನ್ನಕ್ಕಾಗಿಯೋ, ಎರಡಕ್ಕೂ ಸೇರಿಯೋ ಕೇಳಲಿಲ್ಲ. ನನಗೂ ಅಳು ಬಂತು.

ಮರುವರ್ಷ ಅವನೇ ಆಫೀಸಿನ ಕಾಗದದ ಒಂದು ಪ್ರತಿಯನ್ನು ಕಳಿಸಿದ. ಗೋರಿ ಪಟ್ಟಿಗೆ ಸೇರಿತ್ತು. ಅಳತೆ, ಕಲ್ಲುಗಳ ಸಂಖ್ಯೆ, ಕಾಲ, ಎಲ್ಲ ಇತ್ತು. ಹಳೆಯ ಅಗೆತದಲ್ಲಿ ಭಾಗಶಃ ಹಾಳಾಗಿದೆ, ಒಳಗೆ ಬೆಲೆಬಾಳುವುದೇನೂ ಸಿಕ್ಕಿಲ್ಲವೆಂದು ಹೊಲದ ಹಿಂದಿನ ಮಾಲೀಕರು ತಿಳಿಸಿದ್ದಾರೆ, ಎಂದು ಒಂದು ಸಾಲು. ಹೋರಿಯ ಮಾತಿಲ್ಲ. ಉರಿಯುವ ಮನೆಗಳ ಮಾತಿಲ್ಲ. ಊರಿನ ಮಕ್ಕಳು ಈಗ ಆ ಗುಡ್ಡದ ಬಗ್ಗೆ ಏನು ಹೇಳಿಕೊಳ್ಳುತ್ತಾರೆಂದು ಅವನನ್ನು ಕೇಳಿ ಬರೆದಿದ್ದೆ. 'ಏನೂ ಇಲ್ಲ, ಅಲ್ಲಿ ಕುರಿ ಮೇಯುತ್ತವೆ' ಎಂದು ಉತ್ತರ ಬಂತು.

ಒಂದು ಕಥೆಯನ್ನು ಕೊಂದು ಒಂದು ಗೋರಿಯನ್ನು ಉಳಿಸಿದ ಆ ಮನುಷ್ಯ ಹೋಗಿ ಇಷ್ಟು ವರ್ಷವಾಯಿತು. ಕೇಳಲು ಇನ್ನು ಯಾರೂ ಇಲ್ಲ. ಅಣ್ಣನ ಮಗನಿಗೆ ಕೊಟ್ಟ ಉತ್ತರವನ್ನು ನಾನು ಎಂದೂ ತಿದ್ದಿಲ್ಲ. ನಾಳೆ ಯಾರಾದರೂ ಬಂದು ಮತ್ತೆ ಅದನ್ನೇ ಕೇಳಿದರೆ, ಗೊತ್ತಿಲ್ಲದವಳು ನಾನು, ಗೊತ್ತಿದ್ದವಳಂತೆ ಅದನ್ನೇ ಹೇಳುತ್ತೇನೆ: ಅಗೆದಿದ್ದರು, ಅಲ್ಲಿ ಏನೂ ಇರಲಿಲ್ಲ.